ಅಟ್ಟದ ಮೇಲಿದ್ದ ಜಾರ್

2022ರ ಮೇ ತಿಂಗಳು. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಆದರೆ ನಮ್ಮ ತೀರ್ಥಹಳ್ಳಿ ಕಡೆ ಆ ತಿಂಗಳಲ್ಲಿ ಗುಡುಗು ಸಿಡಿಲಿಗೇನೂ ಬರ ಇರೋದಿಲ್ಲ. ಒಂದು ಸೋಮವಾರ ಸಂಜೆ ಊರಿಂದ ಚಿಕ್ಕಪ್ಪನ ಫೋನು.

"ಸೊಸೈಟಿ ಕಂಪ್ಯೂಟ್ರಿಗೆ ಸಿಡ್ಲು ಹೊಡೀತು ಮಾರಾಯ. ಸಣ್ಣಗೆ ಹೊಗೇನೂ ಬಂತು. ರಿಪೇರಿಯವನು ಒಳಗಿರೋ ಡಿಸ್ಕೂ ಹೋಗಿದೆ ಅಂದ. ಲೆಕ್ಕ ಎಲ್ಲ ಪೆನ್ ಡ್ರೈವಲ್ಲಿದೆ, ನೀನು ಹೇಳ್ದಂಗೆ ವಾರ ವಾರ ಹಾಕಿಟ್ಟಿದೀನಿ. ಹೊಸ ಕಂಪ್ಯೂಟ್ರು ತರಿಸ್ತೀವಿ. ನಿನ್ನ ಪ್ರೋಗ್ರಾಮ್ ಒಂದು ಕಳ್ಸು. ಶುಕ್ರವಾರ ಬಟವಾಡೆ."

ಚಿಕ್ಕಪ್ಪ ನಮ್ಮೂರಿನ ಹಾಲು ಉತ್ಪಾದಕರ ಸೊಸೈಟಿಯ ಕಾರ್ಯದರ್ಶಿ. 2007ರಲ್ಲಿ ನಾನು ಆ ಸೊಸೈಟಿಗೆ ಒಂದು ಪುಟ್ಟ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಬೆಳಿಗ್ಗೆ ಯಾರು ಎಷ್ಟು ಲೀಟರ್ ಹಾಕಿದರು, ಸಂಜೆ ಎಷ್ಟು, ಫ್ಯಾಟ್ ಎಷ್ಟು ಬಂತು, ಪಶು ಆಹಾರದ ಸಾಲ ಎಷ್ಟು ಮುರಿಯಬೇಕು, ಕೊನೆಗೆ ಕೈಗೆ ಎಷ್ಟು, ಇಷ್ಟೇ ಅದರ ಕೆಲಸ. ಹದಿನೈದು ವರ್ಷ ಅದು ತನ್ನ ಪಾಡಿಗೆ ತಾನು ದುಡಿದಿತ್ತು. ನನಗದು ಮರೆತೇಹೋಗಿತ್ತು ಅಂದರೂ ತಪ್ಪಿಲ್ಲ.

ಬೀರುವಿನಿಂದ ಹಳೇ ಸಿಡಿ ಹುಡುಕಿ ತೆಗೆದೆ. ಪುಣ್ಯಕ್ಕೆ ಓದಿತು. ನಾನು ಬರೆದ ಅಷ್ಟೂ ಸೋರ್ಸ್ ಕೋಡ್ ಅದರಲ್ಲಿತ್ತು. ಆಗ ಬಳಸುತ್ತಿದ್ದ ಮೇವೆನ್ ಎಂಬ ಉಪಕರಣವೂ ಇತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡು ಕಮಾಂಡ್ ಕೊಟ್ಟೆ. ಪರದೆ ತುಂಬ ಎರರ್ ಸಾಲುಗಳು. ಅರ್ಧ ರಾತ್ರಿಯವರೆಗೆ ಒಂದೊಂದೇ ಬಿಡಿಸಿದೆ. ಕೊನೆಗೆ ಒಂದು ಸಾಲು ಮಾತ್ರ ಏನು ಮಾಡಿದರೂ ಜಗ್ಗಲಿಲ್ಲ. 'ದರಲೆಕ್ಕ' ಎಂಬ ಹೆಸರಿನ ಒಂದು ಜಾರ್ ಫೈಲ್ ಬೇಕು, ಎಲ್ಲೂ ಸಿಗುತ್ತಿಲ್ಲ ಅಂತ ಅದು ಹೇಳುತ್ತಿತ್ತು.

ಲೀಟರಿಗೆ ಎಷ್ಟು ಫ್ಯಾಟಿಗೆ ಎಷ್ಟು ಅಂತ ಗುಣಿಸಿ ದುಡ್ಡು ಕಟ್ಟುವ ಭಾಗ ಅದು. ಬರೆದದ್ದು ನಾನಲ್ಲ, ಆಗ ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಗೆಳೆಯ. ಅವನೀಗ ಕೆನಡಾದಲ್ಲಿದ್ದಾನೆ. ಫೋನ್ ಮಾಡಿದರೆ "ನಾನು ಹಾಲಿನ ಲೆಕ್ಕ ಬರೆದಿದ್ನಾ?" ಅಂತ ನನ್ನನ್ನೇ ಕೇಳಿದ.

ಮಾರನೇ ದಿನ ಚಿಕ್ಕಪ್ಪನಿಗೆ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಅಲ್ವೋ, ನೀನೇ ಮಾಡಿದ್ದು, ನಿನ್ನ ಹತ್ರಾನೇ ಇಲ್ಲ ಅಂದ್ರೆ ಹೆಂಗೆ?"

ನ್ಯಾಯವಾದ ಪ್ರಶ್ನೆ. ನಾನು ಮಾಡಿದ್ದು ನನ್ನ ಹತ್ತಿರ ಯಾಕಿಲ್ಲ? ಇದಕ್ಕೆ ಸರಿಯಾಗಿ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ, 1976ರವರೆಗೆ ಹೋಗಬೇಕು. ಬನ್ನಿ, ಚಿಕ್ಕಪ್ಪನ ಕಂಪ್ಯೂಟರ್ ಅಲ್ಲಿಯವರೆಗೆ ಕಾಯಲಿ.

ಅಮೆರಿಕದ ಬೆಲ್ ಲ್ಯಾಬ್ಸ್. ಯುನಿಕ್ಸ್ ಹುಟ್ಟಿದ ಜಾಗ. ಅಲ್ಲಿ ಸ್ಟೂಅರ್ಟ್ ಫೆಲ್ಡ್‌ಮನ್ ಎಂಬವರ ಕೋಣೆಗೆ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಶಾಪ ಹಾಕುತ್ತಾ ಬಂದರಂತೆ. ಬೆಳಗ್ಗೆಯೆಲ್ಲ ಕೂತು ಒಂದು ತಪ್ಪು ಹುಡುಕಿದ್ದಾರೆ. ಆ ತಪ್ಪನ್ನು ಅದಕ್ಕೂ ಮೊದಲೇ ತಿದ್ದಿಯಾಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡುವುದು ಮರೆತುಹೋಗಿತ್ತು, ಅಷ್ಟೇ. ಹಿಂದಿನ ಸಂಜೆ ಫೆಲ್ಡ್‌ಮನ್ ಕೂಡ ಇದೇ ಗೋಳು ಅನುಭವಿಸಿದ್ದರು. ಆ ವಾರಾಂತ್ಯದಲ್ಲಿ ಅವರು ಬರೆದದ್ದೇ 'ಮೇಕ್'.

ಮೇಕ್‌ನ ಉಪಾಯ ತೀರ ಸರಳ. ಯಾವುದು ಯಾವುದನ್ನು ಅವಲಂಬಿಸಿದೆ ಅಂತ ನೀವು ಮೇಕ್‌ಫೈಲ್ ಎಂಬ ಪಟ್ಟಿಯಲ್ಲಿ ಬರೆದಿಡಬೇಕು. ಅದು ಎರಡರ ಸಮಯ ನೋಡುತ್ತದೆ. ಹಿಟ್ಟಿಗಿಂತ ಅಕ್ಕಿ ಹೊಸದಾಗಿದ್ದರೆ ಮತ್ತೆ ರುಬ್ಬಬೇಕು, ಇಲ್ಲದಿದ್ದರೆ ಇದ್ದ ಹಿಟ್ಟೇ ಸಾಕು. ಈ ಒಂದು ಪುಟ್ಟ ವಿಚಾರಕ್ಕೆ ಫೆಲ್ಡ್‌ಮನ್‌ಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಬಂತು. ಮೇಕ್‌ಫೈಲಿನಲ್ಲಿ ಸಾಲಿನ ಮೊದಲು ಖಾಲಿ ಜಾಗ ಬಿಟ್ಟರೆ ನಡೆಯೋದಿಲ್ಲ, ಟ್ಯಾಬೇ ಒತ್ತಬೇಕು ಅನ್ನೋ ಕಾಟ ಇದೆಯಲ್ಲ, ಅದೂ ಅವರದ್ದೇ ಕೊಡುಗೆ. ಇದು ಸರಿಯಿಲ್ಲ ಅಂತ ಹೊಳೆಯುವ ಹೊತ್ತಿಗೆ ಹನ್ನೆರಡು ಜನರಷ್ಟು ಬಳಸಲು ಶುರುಮಾಡಿದ್ದರಂತೆ. ಅವರಿಗೆ ತೊಂದರೆ ಕೊಡೋದು ಬೇಡ ಅಂತ ಹಾಗೇ ಬಿಟ್ಟರು. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಇವತ್ತಿಗೂ ನಾವೆಲ್ಲ ಟ್ಯಾಬ್ ಒತ್ತುತ್ತಿದ್ದೇವೆ.

ಆದರೆ ಒಂದು ಮಾತು ಗಮನಿಸಿ. ಮೇಕ್‌ಗೆ ಅವಲಂಬನೆ ಅಂದರೆ ಅಂಗಳದೊಳಗಿನ ವ್ಯವಹಾರ. ಬೇಕಾದ ಫೈಲು ಅಲ್ಲೇ ಇರಬೇಕು. ಇಲ್ಲದಿದ್ದರೆ ಇದನ್ನು ಮಾಡುವ ವಿಧಾನ ನನಗೆ ಗೊತ್ತಿಲ್ಲ ಅಂತ ಕೈ ಚೆಲ್ಲುತ್ತದೆ. ಹೊರಗಿಂದ ತಂದುಕೊಡುವ ಜಾಯಮಾನ ಅದರದ್ದಲ್ಲ. ಸಿ ಭಾಷೆಯವರ ಪಾಲಿಗೆ ಹೊರಗಿನ ಲೈಬ್ರರಿಗಳು ಕಂಪ್ಯೂಟರಿನಲ್ಲೇ ಒಂದೆರಡು ಗೊತ್ತಾದ ಫೋಲ್ಡರುಗಳಲ್ಲಿ ಇರುತ್ತಿದ್ದವು. ಲಿಂಕರ್ ಎಂಬುದು ಆ ಫೋಲ್ಡರುಗಳನ್ನು ಒಂದರ ನಂತರ ಒಂದು ತಡಕಿ, ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿತ್ತು. ಅವನ್ನು ಅಲ್ಲಿ ತಂದಿಡುವ ಕೆಲಸ ಮನುಷ್ಯನದು. 1991ರಲ್ಲಿ ಬಂದ ಆಟೋಕಾನ್ಫ್ 'ಇದು ಇದೆಯಾ, ಅದು ಇದೆಯಾ' ಅಂತ ವಿಚಾರಿಸಿಕೊಂಡು ಬರುವ ವ್ಯವಸ್ಥೆ ಮಾಡಿತು. ವಿಚಾರಿಸುತ್ತಿತ್ತು ಅಷ್ಟೇ, ತರುತ್ತಿರಲಿಲ್ಲ.

ತಂದುಕೊಡುವ ಕಡೆಗೆ ಮೊದಲ ದೊಡ್ಡ ಹೆಜ್ಜೆ ಇಟ್ಟವರು ಪರ್ಲ್ ಭಾಷೆಯ ಜನ. 1995ರಲ್ಲಿ ಅವರು ಸಿಪ್ಯಾನ್ ಎಂಬ ಭಂಡಾರ ತೆರೆದರು. ಅಚ್ಚಿನ ಕೆಲಸಕ್ಕೆ ಬಳಸುವ ಟೆಕ್‌ನವರು ಅದಕ್ಕೂ ಮುಂಚೆ ಕಟ್ಟಿದ್ದ ಇಂಥದ್ದೇ ಭಂಡಾರ ಅದಕ್ಕೆ ಮಾದರಿ. ಯಾರೋ ಬರೆದ ಮಾಡ್ಯೂಲು ಒಂದು ಕಡೆ ಇಡೋದು, ಲೋಕದ ಬೇರೆ ಬೇರೆ ಕಡೆ ಅದರ ಪಡಿಯಚ್ಚು ಇಡೋದು, ಬೇಕಾದವರು ಹೆಸರು ಹೇಳಿ ಇಳಿಸಿಕೊಳ್ಳೋದು. ಇವತ್ತಿನ ಎಲ್ಲ ಭಂಡಾರಗಳಲ್ಲೂ ಅದರ ಛಾಯೆ ಇದೆ.

ನಾನು ಕೆಲಸಕ್ಕೆ ಸೇರಿದ್ದು 2003ರಲ್ಲಿ. ಜಾವಾ ಪ್ರಪಂಚದಲ್ಲಿ ಆಗ 'ಆಂಟ್' ಕಾಲ. ಟಾಮ್‌ಕ್ಯಾಟ್ ಕಟ್ಟುವುದಕ್ಕೆಂದು ಸನ್ ಕಂಪನಿಯ ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದ ಉಪಕರಣ ಅದು. 2000ದಲ್ಲಿ ಸ್ವತಂತ್ರವಾಗಿ ಹೊರಬಂತು. ಮೇಕ್‌ನ ಟ್ಯಾಬ್ ಬದಲು ಇಲ್ಲಿ ಎಕ್ಸ್‌ಎಮ್‌ಎಲ್. ಹೊರಗಿನ ಲೈಬ್ರರಿಗಳ ವಿಷಯದಲ್ಲಿ ಮಾತ್ರ ಆಂಟ್‌ಗೂ ಯಾವ ಅಭಿಪ್ರಾಯವೂ ಇರಲಿಲ್ಲ. ಎಲ್ಲರೂ ಪ್ರಾಜೆಕ್ಟಿನೊಳಗೆ 'ಲಿಬ್' ಅಂತ ಒಂದು ಫೋಲ್ಡರ್ ಮಾಡಿ, ಬೇಕಾದ ಜಾರ್‌ಗಳನ್ನೆಲ್ಲ ಅದಕ್ಕೆ ಸುರಿದು, ಕೋಡಿನ ಜೊತೆ ಅದನ್ನೂ ಸಿವಿಎಸ್‌ಗೆ ಹಾಕುತ್ತಿದ್ದೆವು.

ಆ ಲಿಬ್ ಫೋಲ್ಡರಿನ ಸುಖದುಃಖ ಅನುಭವಿಸಿದವರಿಗೇ ಗೊತ್ತು. ಬಹಳಷ್ಟು ಜಾರ್‌ಗಳ ಹೆಸರಲ್ಲಿ ಆವೃತ್ತಿ ಸಂಖ್ಯೆ ಇರುತ್ತಿರಲಿಲ್ಲ. ಯಾರು ಯಾವಾಗ ಎಲ್ಲಿಂದ ತಂದು ಹಾಕಿದರೋ ದೇವರೇ ಬಲ್ಲ. ತೆಗೆದರೆ ಏನು ಮುರಿಯುತ್ತದೋ ಅನ್ನೋ ಭಯಕ್ಕೆ ಯಾರೂ ಒಂದನ್ನೂ ತೆಗೆಯುತ್ತಿರಲಿಲ್ಲ. ಜಾವಾ ಕ್ಲಾಸ್ ಹುಡುಕುವ ರೀತಿಯೂ ಲಿಂಕರ್‌ನ ಹಾಗೆಯೇ, ಪಟ್ಟಿಯಲ್ಲಿ ಮೊದಲು ಯಾವುದು ಸಿಗುತ್ತದೋ ಅದೇ ಗೆದ್ದಿತು. ಒಮ್ಮೆ ನನ್ನ ಕಂಪ್ಯೂಟರಲ್ಲಿ ಓಡುತ್ತಿದ್ದ ಪ್ರೋಗ್ರಾಮ್ ಸರ್ವರಿನಲ್ಲಿ ಮಕಾಡೆ ಮಲಗಿತು. ಎರಡು ದಿನ ಒದ್ದಾಡಿದ ಮೇಲೆ ಗೊತ್ತಾಯಿತು, ಎಕ್ಸ್‌ಎಮ್‌ಎಲ್ ಓದುವ ಒಂದೇ ಲೈಬ್ರರಿಯ ಎರಡು ಆವೃತ್ತಿ ಲಿಬ್‌ನಲ್ಲಿತ್ತು. ನನ್ನಲ್ಲಿ ಹೊಸದು ಮೊದಲು ಸಿಗುತ್ತಿತ್ತು, ಅಲ್ಲಿ ಹಳೆಯದು. ಇದಕ್ಕೆ ನಮ್ಮವರು ಇಟ್ಟ ಹೆಸರು ಜಾರ್ ನರಕ.

ಆದರೆ ಒಂದು ಒಪ್ಪಿಕೊಳ್ಳಲೇಬೇಕು. ನರಕವೋ ಸ್ವರ್ಗವೋ, ಇದ್ದದ್ದೆಲ್ಲ ನಮ್ಮ ಕಣ್ಣೆದುರೇ ಇತ್ತು. ಆ ಫೋಲ್ಡರ್ ಒಂದನ್ನು ಸಿಡಿಗೆ ಹಾಕಿದ್ದರೆ ಇಪ್ಪತ್ತು ವರ್ಷದ ಮೇಲೂ ಪ್ರೋಗ್ರಾಮ್ ಕಟ್ಟಬಹುದಿತ್ತು.

ಮೇವೆನ್ ಬಂದದ್ದು ಈ ನರಕಕ್ಕೆ ಪರಿಹಾರವಾಗಿ. ಅಪಾಚೆಯ ಟರ್ಬೈನ್ ಎಂಬ ಯೋಜನೆಯ ಒಳಗೆ ಜೇಸನ್ ವ್ಯಾನ್ ಜೈಲ್ ಇದನ್ನು ಶುರುಮಾಡಿದರು. ಯಿದ್ದಿಶ್ ಭಾಷೆಯಿಂದ ಬಂದ ಪದ ಅದು, ವಿಷಯ ಬಲ್ಲವ ಅನ್ನೋ ಅರ್ಥದ್ದು. 2004ರ ಜುಲೈನಲ್ಲಿ ಮೊದಲ ಆವೃತ್ತಿ, 2005ರ ಅಕ್ಟೋಬರಿನಲ್ಲಿ ಎರಡನೆಯದು. ನಮ್ಮ ಕೆಲಸದ ರೀತಿ ಬದಲಾಯಿಸಿದ್ದು ಆ ಎರಡನೆಯದು.

ಮೇವೆನ್ ಮಾಡಿದ ದೊಡ್ಡ ಕೆಲಸ ಅಂದರೆ ಪ್ರತಿ ಜಾರ್‌ಗೂ ಒಂದು ಪೂರ್ತಿ ವಿಳಾಸ ಕೊಟ್ಟದ್ದು. ನಮ್ಮ ಕಡೆ ಬರೀ ಮಂಜುನಾಥ ಅಂದರೆ ಹತ್ತು ಜನ ತಿರುಗಿ ನೋಡುತ್ತಾರೆ. ಯಾವ ಊರು, ಯಾವ ಮನೆ ಅಂತ ಸೇರಿಸಿ ಹೇಳಿದರೆ ಒಬ್ಬನೇ. ಹಾಗೆ ಇಲ್ಲೂ ಮೂರು ಭಾಗ. ಯಾರ ಗುಂಪಿನದು, ಹೆಸರೇನು, ಆವೃತ್ತಿ ಯಾವುದು. ಗುಂಪಿನ ಹೆಸರಿಗೆ ವೆಬ್ ವಿಳಾಸವನ್ನೇ ತಿರುವು ಮುರುವಾಗಿ ಬಳಸುವ ರೂಢಿ, ಒಂದೇ ಹೆಸರನ್ನು ಇಬ್ಬರು ಇಟ್ಟುಕೊಳ್ಳಬಾರದಲ್ಲ ಅಂತ. ಈ ವಿಳಾಸದಿಂದಲೇ ಫೋಲ್ಡರಿನ ದಾರಿಯೂ ಹುಟ್ಟುತ್ತದೆ. ಗುಂಪಿನ ಹೆಸರಿನ ಒಂದೊಂದು ಚುಕ್ಕೆಗೂ ಒಂದೊಂದು ಫೋಲ್ಡರ್, ಅದರೊಳಗೆ ಹೆಸರಿನ ಫೋಲ್ಡರ್, ಅದರೊಳಗೆ ಆವೃತ್ತಿಯದ್ದು, ಅದರೊಳಗೆ ಜಾರ್. ಹುಡುಕುವ ಪ್ರಶ್ನೆಯೇ ಇಲ್ಲ, ನೇರ ಹೋಗಿ ಬಾಗಿಲು ತಟ್ಟಿದರಾಯಿತು.

ಇದೇ ನಕ್ಷೆ ಎರಡು ಕಡೆ. ಒಂದು ಇಂಟರ್ನೆಟ್ಟಿನಲ್ಲಿರುವ ಸೆಂಟ್ರಲ್ ಎಂಬ ಭಂಡಾರ. ಮೊದಲಿಗೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಐಬಿಬ್ಲಿಯೋದಲ್ಲಿ ಅದಕ್ಕೆ ಜಾಗ ಸಿಕ್ಕಿತ್ತು. ಇನ್ನೊಂದು ನಿಮ್ಮದೇ ಕಂಪ್ಯೂಟರಲ್ಲಿ, ನಿಮ್ಮ ಹೋಮ್ ಫೋಲ್ಡರಿನೊಳಗೆ 'ಡಾಟ್ ಎಂ2' ಎಂಬ ಹೆಸರಲ್ಲಿ. ಜಾರ್ ಬೇಕೆಂದಾಗ ಮೇವೆನ್ ಮೊದಲು ಮನೆಯ ಕಣಜ ನೋಡುತ್ತದೆ. ಇಲ್ಲದಿದ್ದರೆ ಸೆಂಟ್ರಲ್‌ಗೆ ಹೋಗಿ ತಂದು, ಕಣಜಕ್ಕೆ ಹಾಕಿ, ಆಮೇಲೆ ಬಳಸುತ್ತದೆ. ಮುಂದಿನ ಸಲ ಹೊರಗೆ ಹೋಗುವ ಪ್ರಮೇಯವಿಲ್ಲ. ಹತ್ತು ಪ್ರಾಜೆಕ್ಟ್ ಇದ್ದರೂ ಜಾರ್ ಒಂದೇ ಪ್ರತಿ.

ಇದರ ಜೊತೆಗೆ ಇನ್ನೊಂದು ಚಮತ್ಕಾರ ಇತ್ತು. ಮದುವೆ ಮನೆಗೆ ನೀವು ಕರೆಯುವುದು ಅಡುಗೆ ಭಟ್ಟರೊಬ್ಬರನ್ನು. ಭಟ್ಟರ ಜೊತೆ ನಾಲ್ಕು ಜನ ಬರುತ್ತಾರೆ. ಆ ನಾಲ್ವರಲ್ಲಿ ಒಬ್ಬ ತನ್ನ ಭಾವಮೈದುನನನ್ನು ಕರೆತರುತ್ತಾನೆ. ನೀವು ಯಾರನ್ನೂ ಲೆಕ್ಕ ಇಡಬೇಕಿಲ್ಲ, ಊಟ ಸರಿಯಾಗುತ್ತದೆ. ಮೇವೆನ್ 2 ಹೀಗೆ ಜಾರ್‌ನ ಜಾರ್, ಅದರ ಜಾರ್ ಎಲ್ಲವನ್ನೂ ತಾನೇ ಕರೆಸಿಕೊಳ್ಳುತ್ತಿತ್ತು. ಭಾವಮೈದುನರಿಬ್ಬರು ಒಂದೇ ಹೆಸರಿನವರಾಗಿ ಆವೃತ್ತಿ ಬೇರೆಯಾದರೆ? ನಿಮಗೆ ಹತ್ತಿರದವನು ಯಾರೋ ಅವನೇ ಸೈ ಅನ್ನೋದು ಮೇವೆನ್ ನ್ಯಾಯ. ಆಮೇಲೆ ಬಂದ ಗ್ರೇಡಲ್, ಇಬ್ಬರಲ್ಲಿ ಹೊಸಬನೇ ಇರಲಿ ಅಂತ ತೀರ್ಪು ಕೊಡುತ್ತದೆ. ಗೋ ಭಾಷೆಯವರು 2018ರಲ್ಲಿ ಮೂರನೇ ದಾರಿ ಹಿಡಿದರು. ಎಲ್ಲರ ಬೇಡಿಕೆಯೂ ಈಡೇರುವಷ್ಟು ಹೊಸದು ಸಾಕು, ಅದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಬೇಡ ಅಂತ. ಮೂರಕ್ಕೂ ಅದರದ್ದೇ ಆದ ತರ್ಕ ಇದೆ, ಮೂರರಲ್ಲೂ ಪೆಟ್ಟು ತಿಂದವರೂ ಇದ್ದಾರೆ.

2007ರಲ್ಲಿ ನನ್ನ ಮನೆಗೆ 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡ್ ಇತ್ತು. ಮೇವೆನ್ ಮೊದಲ ಸಲ ಓಡಿಸಿದರೆ ಇಂಟರ್ನೆಟ್ ಪೂರ್ತಿ ಮನೆಗೆ ಇಳಿಸುತ್ತದೆ ಅಂತ ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದೆವು. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಏಳುವ ಹೊತ್ತಿಗೆ ಮುಗಿದಿರುತ್ತಿತ್ತು, ಅದೂ ಕರೆಂಟ್ ಹೋಗದಿದ್ದರೆ. ಹಾಲಿನ ಲೆಕ್ಕಕ್ಕೆ ನಾನು ಹೈಬರ್ನೇಟ್ ಬಳಸಿದ್ದೆ. ಯಾಕೆ ಬೇಕಿತ್ತು ಅಂತ ಕೇಳಬೇಡಿ, ಆ ವರ್ಷ ಎಲ್ಲರೂ ಎಲ್ಲದಕ್ಕೂ ಅದನ್ನೇ ಬಳಸುತ್ತಿದ್ದರು. ಅದಕ್ಕೆ ಬೇಕಾದ ಜೆಟಿಎ ಎಂಬ ಒಂದು ಜಾರ್ ಮಾತ್ರ ಸೆಂಟ್ರಲ್‌ನಲ್ಲಿ ಇರಲಿಲ್ಲ. ಸನ್ ಕಂಪನಿಯ ಪರವಾನಗಿ ಅಡ್ಡಿ. ಅದರ ವಿವರದ ಫೈಲ್ ಇತ್ತು, ಜಾರ್ ಇಲ್ಲ, ಮನೆ ನಂಬರ್ ಇದ್ದು ಮನೆಯೇ ಇಲ್ಲದ ಹಾಗೆ. ಸನ್ ಸೈಟಿಗೆ ಹೋಗಿ ಇಳಿಸಿಕೊಂಡು, ಒಂದು ಉದ್ದದ ಕಮಾಂಡ್ ಕೊಟ್ಟು ನಮ್ಮ ಕಣಜಕ್ಕೆ ನಾವೇ ಸೇರಿಸಬೇಕಿತ್ತು.

ಆ ಕಮಾಂಡ್ ಕಲಿತದ್ದೇ ನನಗೆ ಮುಳುವಾಯಿತು. ಗೆಳೆಯ 'ದರಲೆಕ್ಕ' ಬರೆದು ಪೆನ್ ಡ್ರೈವಿನಲ್ಲಿ ಕೊಟ್ಟಾಗ ಅದನ್ನೂ ಅದೇ ಕಮಾಂಡಿನಿಂದ ನನ್ನ ಕಣಜಕ್ಕೆ ಹಾಕಿದೆ. ಬಿಲ್ಡ್ ಆಯಿತು. ಸೊಸೈಟಿಗೆ ಕೊಟ್ಟೆ. ಸೋರ್ಸ್ ಎಲ್ಲ ಸಿಡಿಗೆ ಹಾಕಿದೆ. ಹಾಕುವಾಗ ಕಣಜ ಬೇಕು ಅಂತ ಅನ್ನಿಸಲೇ ಇಲ್ಲ. ಯಾಕೆ ಅನ್ನಿಸಬೇಕು? ಏನಿಲ್ಲದಿದ್ದರೂ ಮೇವೆನ್ ತರುತ್ತದಲ್ಲ! ಸಾಲದ್ದಕ್ಕೆ ಆಗ ನಾನು ಅಂಚೆಯಲ್ಲಿ ಪುಕ್ಕಟೆ ಬರುತ್ತಿದ್ದ ಉಬುಂಟು ಸಿಡಿ ಹಾಕಿಕೊಂಡಿದ್ದೆ. ಅದರಲ್ಲಿ ಚುಕ್ಕೆಯಿಂದ ಶುರುವಾಗುವ ಫೋಲ್ಡರು ಕಣ್ಣಿಗೇ ಬೀಳೋದಿಲ್ಲ.

ಚಿಕ್ಕಪ್ಪನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು. ನಾನು ಇಟ್ಟುಕೊಂಡದ್ದು ಸಾಮಾನಿನ ಪಟ್ಟಿ. ಸಾಮಾನು ಅಲ್ಲ.

ಇನ್ನರ್ಧ ಉತ್ತರ, ಅಂಗಡಿಯ ಕಥೆ. ಪಟ್ಟಿ ಇದ್ದರೆ ಸಾಕು, ಅಂಗಡಿ ಯಾವತ್ತೂ ತೆರೆದಿರುತ್ತದೆ ಅಂತ ನಮ್ಮ ತಲೆಮಾರು ನಂಬಿತ್ತು. ಆ ನಂಬಿಕೆಗೆ ದೊಡ್ಡ ಏಟು ಬಿದ್ದದ್ದು ಜಾವಾಸ್ಕ್ರಿಪ್ಟ್ ಲೋಕದಲ್ಲಿ. 2010ರಲ್ಲಿ ಐಸಾಕ್ ಶ್ಲೂಟರ್ ಶುರುಮಾಡಿದ ಎನ್‌ಪಿಎಮ್, ಮೇವೆನ್‌ಗೆ ಉಲ್ಟಾ ದಾರಿ ಹಿಡಿದಿತ್ತು. ಎಲ್ಲರಿಗೂ ಒಂದು ಕಣಜ ಅಲ್ಲ, ಪ್ರತಿ ಪ್ರಾಜೆಕ್ಟಿನೊಳಗೂ 'ನೋಡ್ ಮಾಡ್ಯೂಲ್ಸ್' ಅಂತ ಒಂದು ಉಗ್ರಾಣ. ಶುರುವಿನಲ್ಲಿ ಪ್ರತಿ ಪ್ಯಾಕೇಜಿಗೂ ಅದರೊಳಗೇ ಇನ್ನೊಂದು ಉಗ್ರಾಣ, ಅದರೊಳಗಿನದಕ್ಕೆ ಮತ್ತೊಂದು. ಹುಡುಕುವಾಗ ತನ್ನ ಕೋಣೆ, ಸಿಗದಿದ್ದರೆ ಹೊರಗಿನ ಕೋಣೆ, ಹಾಗೇ ಹೆಬ್ಬಾಗಿಲವರೆಗೆ. ಆವೃತ್ತಿ ಜಗಳವೇ ಇಲ್ಲ, ಯಾರಿಗೆ ಯಾವುದು ಬೇಕೋ ಅದು ಅವರವರ ಕೋಣೆಯಲ್ಲಿ. ಆದರೆ ಒಂದೇ ಸಾಮಾನು ನೂರು ಕೋಣೆಯಲ್ಲಿ ಕೂತು ಡಿಸ್ಕ್ ತುಂಬಿತು. ವಿಂಡೋಸಿನಲ್ಲಿ ಫೋಲ್ಡರಿನ ದಾರಿ ಮಿತಿ ಮೀರಿ ಉದ್ದವಾಗಿ ಅಳಿಸೋದಕ್ಕೂ ಬಾರದಂತಾಯಿತು. 2015ರ ಮೂರನೇ ಆವೃತ್ತಿಯಲ್ಲಿ ಸಾಧ್ಯವಾದಷ್ಟನ್ನು ಮೇಲಿನ ಪಡಸಾಲೆಗೆ ತಂದು ಹರವಿದರು.

2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್‌ಗೂ ಒಂದು ಕಂಪನಿಗೂ ಪ್ಯಾಕೇಜಿನ ಹೆಸರಿನ ಬಗ್ಗೆ ತಕರಾರು ಹುಟ್ಟಿತು. ಎನ್‌ಪಿಎಮ್‌ನವರು ಹೆಸರನ್ನು ಕಂಪನಿಗೆ ಬಿಟ್ಟುಕೊಟ್ಟರು. ಆತ ಬೇಸರಪಟ್ಟು ತನ್ನ ಪ್ಯಾಕೇಜುಗಳನ್ನೆಲ್ಲ ವಾಪಸ್ ತೆಗೆದ. ಇನ್ನೂರಕ್ಕೂ ಹೆಚ್ಚು. ಅದರಲ್ಲಿ 'ಲೆಫ್ಟ್ ಪ್ಯಾಡ್' ಎಂಬುದೊಂದು. ಪದದ ಎಡಗಡೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ಕೋಡ್. ಅದನ್ನು ನೇರವಾಗಿ ಕರೆದವರು ಕಡಿಮೆ. ಭಟ್ಟರ ಭಾವಮೈದುನನ ಹಾಗೆ ಹಿಂಬಾಗಿಲಿಂದ ಬಂದು ಸೇರಿದ್ದೇ ಹೆಚ್ಚು. ಬೇಬಲ್‌ನಂಥ ದೊಡ್ಡ ಉಪಕರಣಗಳೇ ಅದನ್ನು ನೆಚ್ಚಿದ್ದವು. ಲೋಕದಾದ್ಯಂತ ಬಿಲ್ಡುಗಳು ಒಡೆದವು. ಕೆಲವೇ ಗಂಟೆಗಳಲ್ಲಿ ಎನ್‌ಪಿಎಮ್‌ನವರು ತಾವೇ ಅದನ್ನು ಮತ್ತೆ ಪ್ರತಿಷ್ಠಾಪಿಸಿದರು. ಪ್ರಕಟಿಸಿದ್ದನ್ನು ಮನಸ್ಸಿಗೆ ಬಂದಾಗ ಹಿಂಪಡೆಯುವ ಹಾಗಿಲ್ಲ ಅಂತ ಆಮೇಲೆ ನಿಯಮವನ್ನೂ ಬಿಗಿ ಮಾಡಿದರು. ಮೇವೆನ್ ಸೆಂಟ್ರಲ್‌ನಲ್ಲಿ ಒಮ್ಮೆ ಇಟ್ಟದ್ದನ್ನು ತೆಗೆಯುವ ಹಾಗಿಲ್ಲ, ತಿದ್ದುವ ಹಾಗೂ ಇಲ್ಲ.

ಆ ವರ್ಷವೇ ಬಂದ ಯಾರ್ನ್, ಮರುವರ್ಷ ಎನ್‌ಪಿಎಮ್ 5, ಇವೆರಡೂ ಬೀಗದ ಫೈಲ್ ಎಂಬ ಪದ್ಧತಿಯನ್ನು ಜಾವಾಸ್ಕ್ರಿಪ್ಟ್‌ನವರಿಗೆ ರೂಢಿ ಮಾಡಿಸಿದವು. ರೂಬಿಯ ಬಂಡ್ಲರ್‌ನಲ್ಲಿ ಅದು ಮೊದಲೇ ಇತ್ತು. ಇವತ್ತು ಸಿಕ್ಕಿದ್ದು ಯಾವ ಆವೃತ್ತಿ ಅಂತ ನಿಖರವಾಗಿ ಬರೆದಿಟ್ಟುಕೊಳ್ಳೋದು, ನಾಳೆಯೂ ಅದನ್ನೇ ತರೋದು. ಯಾರ್ನ್ ಮತ್ತು ಎನ್‌ಪಿಎಮ್ ಆವೃತ್ತಿಯ ಜೊತೆಗೆ ಫೈಲಿನ ಹ್ಯಾಶನ್ನೂ ಬರೆಯುತ್ತವೆ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು ಅಂದುಕೊಳ್ಳಿ. ಒಳಗೆ ಒಂದಕ್ಷರ ಬದಲಾದರೂ ಗುರುತು ಬೇರೆ ಆಗಿಬಿಡುತ್ತದೆ. ಗ್ರೇಡಲ್ ತನ್ನ ಕಣಜದಲ್ಲಿ ಆವೃತ್ತಿಯ ಫೋಲ್ಡರಿನೊಳಗೆ ಈ ಹೆಬ್ಬೆಟ್ಟಿನ ಹೆಸರಿನದೇ ಇನ್ನೊಂದು ಫೋಲ್ಡರ್ ಮಾಡುತ್ತದೆ. ಪಿಎನ್‌ಪಿಎಮ್ ಒಂದು ಫೈಲನ್ನು ಹೆಬ್ಬೆಟ್ಟಿನ ಲೆಕ್ಕದಲ್ಲಿ ಒಂದೇ ಸಲ ಇಟ್ಟು, ಬೇಕಾದ ಪ್ರಾಜೆಕ್ಟುಗಳಿಗೆ ಕೊಂಡಿ ಹಾಕಿಕೊಡುತ್ತದೆ. ಮೇವೆನ್‌ನ ಒಂದೇ ಕಣಜ, ಎನ್‌ಪಿಎಮ್‌ನ ಮನೆಗೊಂದು ಉಗ್ರಾಣ, ಎರಡರ ನಡುವಿನ ರಾಜಿ ಅನ್ನಬಹುದು.

ಹೆಸರೊಂದನ್ನೇ ನಂಬಿದರೆ ಏನಾಗುತ್ತದೆ ಅಂತ 2021ರಲ್ಲಿ ಎರಡು ಪಾಠ ಆಯಿತು. ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸಾನ್ ಎಂಬ ಸಂಶೋಧಕ, ದೊಡ್ಡ ಕಂಪನಿಗಳು ಒಳಗೊಳಗೇ ಬಳಸುವ ಪ್ಯಾಕೇಜುಗಳ ಹೆಸರು ತಿಳಿದುಕೊಂಡು, ಅದೇ ಹೆಸರಲ್ಲಿ ಹೆಚ್ಚಿನ ಆವೃತ್ತಿ ಸಂಖ್ಯೆ ಕೊಟ್ಟು ಸಾರ್ವಜನಿಕ ಭಂಡಾರದಲ್ಲಿ ಇಟ್ಟದ್ದನ್ನು ಬಹಿರಂಗಪಡಿಸಿದ. ಆ್ಯಪಲ್, ಮೈಕ್ರೋಸಾಫ್ಟ್ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಕಂಪ್ಯೂಟರುಗಳು ಮನೆಯದನ್ನು ಬಿಟ್ಟು ಬೀದಿಯದನ್ನು ತಂದು ಓಡಿಸಿದ್ದವು. ಡಿಸೆಂಬರಿನಲ್ಲಿ ಲಾಗ್4ಜೆ ದೋಷ ಹೊರಬಿತ್ತು. ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ. ಆ ವಾರ ನಿದ್ದೆಗೆಟ್ಟವರಲ್ಲಿ ನಾನೂ ಒಬ್ಬ. ಸರಿಪಡಿಸೋದು ಕಷ್ಟವಿರಲಿಲ್ಲ, ಆವೃತ್ತಿ ಸಂಖ್ಯೆ ಬದಲಾಯಿಸಿದರೆ ಆಯಿತು. ನಮ್ಮ ಯಾವ ಪ್ರೋಗ್ರಾಮಿನ ಯಾವ ಮೂಲೆಯಲ್ಲಿ ಅದು ಅಡಗಿದೆ ಅಂತ ಹೇಳೋದೇ ಕಷ್ಟ. 2003ರಲ್ಲಾಗಿದ್ದರೆ ಲಿಬ್ ಫೋಲ್ಡರ್ ತೆಗೆದು ನೋಡಿ ಹೇಳಿಬಿಡುತ್ತಿದ್ದೆ.

ಇನ್ನು ಸೋಮವಾರ ರಾತ್ರಿ ನನ್ನ ಪರದೆಯಲ್ಲಿ ಬಂದ ಎರರ್‌ಗಳ ವಿಷಯ. ಮೊದಲನೆಯದು 501. ನನ್ನ ಹಳೇ ಮೇವೆನ್ ಸೆಂಟ್ರಲ್‌ನ ಬಾಗಿಲನ್ನು ಎಚ್‌ಟಿಟಿಪಿಯಲ್ಲಿ ತಟ್ಟುತ್ತಿತ್ತು. 2020ರ ಜನವರಿ 15ರಿಂದ ಆ ಬಾಗಿಲು ಬಂದ್, ಎಚ್‌ಟಿಟಿಪಿಎಸ್ ಬಾಗಿಲಿಂದಲೇ ಬರಬೇಕು. ದಾರಿಯಲ್ಲಿ ಯಾರಾದರೂ ಜಾರ್ ಬದಲಾಯಿಸಬಾರದಲ್ಲ, ಹಾಗಾಗಿ ಸರಿಯಾದ ನಿರ್ಧಾರವೇ. ಹೊಸ ಮೇವೆನ್ ಹಾಕಿಕೊಂಡೆ, ಅದು ಕಳೆಯಿತು. ನಾನು ಹೆಸರಿಸಿದ್ದ ಇನ್ನೊಂದು ಭಂಡಾರ ಜಾವಾ ಡಾಟ್ ನೆಟ್, 2017ರ ಏಪ್ರಿಲ್‌ನಲ್ಲೇ ಅಂಗಡಿ ಮುಚ್ಚಿತ್ತು. ಅಲ್ಲಿಂದ ಬೇಕಾದದ್ದು ಸೆಂಟ್ರಲ್‌ನಲ್ಲೇ ಸಿಕ್ಕಿತು. ಜೆಟಿಎ ಕೊಡುತ್ತಿದ್ದ ಸನ್ ಕಂಪನಿಯೇ 2010ರಲ್ಲಿ ಒರಾಕಲ್ ಪಾಲಾಗಿತ್ತು. ಅದರ ಮುಂದಿನ ಆವೃತ್ತಿ ಸೆಂಟ್ರಲ್‌ಗೆ ಬಂದಿತ್ತು, ಅದನ್ನು ಹಾಕಿದೆ. ಹೀಗೆ ಲೋಕಕ್ಕೆಲ್ಲ ಬೇಕಾದದ್ದನ್ನು ಲೋಕ ಹೇಗೋ ಕಾಪಾಡಿಕೊಂಡಿತ್ತು. 'ದರಲೆಕ್ಕ' ಮಾತ್ರ ಯಾರಿಗೂ ಬೇಕಿರಲಿಲ್ಲ. ನಮ್ಮೂರಿನ 130 ಮನೆಯವರನ್ನು ಬಿಟ್ಟು.

ಮಂಗಳವಾರ ರಾತ್ರಿ ಅದನ್ನು ಹೊಸದಾಗಿ ಬರೆಯಲು ಕೂತೆ. ಏನು ಮಹಾ, ಲೀಟರ್ ಇಂಟು ದರ. ಒಂದು ಗಂಟೆಯಲ್ಲಿ ಮುಗಿಯಿತು. ಉತ್ತರ ನೋಡಿದರೆ ಸರಿಯಾಗಿಯೇ ಇತ್ತು. ಪೆನ್ ಡ್ರೈವಿನ ಹಳೇ ಲೆಕ್ಕದ ಜೊತೆ ಸಾಲು ಸಾಲಾಗಿ ಹೋಲಿಸಬೇಕಿತ್ತು, ನಿದ್ದೆ ಬರುತ್ತಿತ್ತು, ನಾಳೆ ನೋಡಿದರಾಯಿತು ಅಂತ ಬಿಟ್ಟೆ. ಬಿಡದಿದ್ದರೆ ಹಾಗೇ ಕಳಿಸಿಬಿಡುತ್ತಿದ್ದೆ ಅಂತಲೂ ಈಗ ಅನ್ನಿಸುತ್ತದೆ.

ಬುಧವಾರ ಬೆಳಿಗ್ಗೆ ಹೆಂಡತಿ ಅಂದಳು, "ಅಟ್ಟದ ಮೇಲೆ ಆ ಹಳೇ ಕಂಪ್ಯೂಟರ್ ಡಬ್ಬ ಇದೆಯಲ್ಲ, ಗುಜರಿಯವನಿಗೆ ಕೊಡೋಣ ಅಂದ್ರೆ ಬೇಡ ಅಂತಿದ್ರಿ. ಅದ್ರಲ್ಲಿ ನೋಡಿದ್ರಾ?"

ನೋಡಿರಲಿಲ್ಲ. ಏಣಿ ಹಾಕಿ ಇಳಿಸಿ, ಧೂಳು ಒರೆಸಿ, ಡಿಸ್ಕ್ ಬಿಚ್ಚಿ ಒಂದು ಯುಎಸ್‌ಬಿ ಕೇಸಿಗೆ ಹಾಕಿದೆ. ಒಂದೆರಡು ಸಲ ಕಟಕಟ ಅಂದು ತಿರುಗಿತು. ಅಡಗಿದ ಫೋಲ್ಡರುಗಳನ್ನೂ ತೋರಿಸು ಅಂದೆ. ಡಾಟ್ ಎಂ2. ಅದರೊಳಗೆ ರೆಪಾಸಿಟರಿ. ಅದರೊಳಗೆ ನಾನು ಯಾವತ್ತೋ ಇಟ್ಟ ಗುಂಪಿನ ಹೆಸರು, ಅದರೊಳಗೆ 'ದರಲೆಕ್ಕ', ಅದರೊಳಗೆ ಆವೃತ್ತಿ. ಒಂದು ಜಾರ್, 11 ಕೆಬಿ. ಪಕ್ಕದಲ್ಲಿ ಮೇವೆನ್ ಬರೆದಿಟ್ಟ ಟಿಪ್ಪಣಿಯ ಫೈಲು, 2007ರ ನವೆಂಬರಿನ ದಿನಾಂಕ. ವಿಳಾಸ ಸರಿಯಿತ್ತು. ಹದಿನೈದು ವರ್ಷ ಯಾರೂ ತಟ್ಟಿರಲಿಲ್ಲ ಅಷ್ಟೇ.

ಜಾರ್ ಬಿಚ್ಚಿ, ಕ್ಲಾಸ್ ಫೈಲನ್ನು ಮತ್ತೆ ಓದುವ ರೂಪಕ್ಕೆ ತಂದು ನನ್ನ ಕೋಡಿನ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಥರ, ಒಂದು ಪದ ಬಿಟ್ಟು. ಪೈಸೆಯ ಮುಂದಿನ ಅಂಕಿ ಬಂದಾಗ ನಾನು ಶಾಲೆಯಲ್ಲಿ ಕಲಿತ ಹಾಗೆ ಐದಕ್ಕಿಂತ ಕಡಿಮೆಯಾದರೆ ಬಿಡು ಅಂದಿದ್ದೆ. ಗೆಳೆಯನ ಕೋಡಿನಲ್ಲಿ 'ಸೀಲಿಂಗ್' ಅಂತಿತ್ತು, ಅಂದರೆ ಎಷ್ಟೇ ಸಣ್ಣ ಚೂರಿರಲಿ ಮೇಲಕ್ಕೇ ಹೋಗು ಅಂತ. 4.3 ಲೀಟರ್ ಹಾಲು, ಲೀಟರಿಗೆ 11.37 ರೂಪಾಯಿ ಅಂದುಕೊಳ್ಳಿ. ಗುಣಿಸಿದರೆ 48.891. ನನ್ನ ಲೆಕ್ಕದಲ್ಲಿ 48.89, ಅವನದ್ದರಲ್ಲಿ 48.90.

ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ. "ಹೌದೌದು," ಅಂದರು, "ಮಶೀನ್ ಬಂದ್ರೆ ಪೈಸೆ ತಿನ್ನುತ್ತೆ ಅಂತ ಗಲಾಟೆ ಆಗಿತ್ತು. ಮೀಟಿಂಗ್ ಮಾಡಿ, ಚಿಲ್ಲರೆ ಎಲ್ಲ ಹಾಲು ಹಾಕಿದವ್ರಿಗೇ ಹೋಗ್ಲಿ ಅಂತ ತೀರ್ಮಾನ ಮಾಡಿದ್ವಿ. ನಿನ್ನ ಸ್ನೇಹಿತಂಗೆ ನಾನೇ ಹೇಳಿದ್ದು. ಯಾಕೆ, ಏನಾಯ್ತು?"

ಏನಿಲ್ಲ ಅಂದೆ. 130 ಜನ, ದಿನಕ್ಕೆ ಎರಡು ಸಲ, ಒಂದು ಬಟವಾಡೆಗೆ ಹದಿನೈದು ರೂಪಾಯಿ ಚಿಲ್ಲರೆಯ ವ್ಯತ್ಯಾಸ. ವರ್ಷಕ್ಕೆ ನಾನೂರು ರೂಪಾಯಿ ಹತ್ತಿರ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಊರವರು ಕೂತು ಮಾತಾಡಿ ಮಾಡಿದ ತೀರ್ಮಾನವೊಂದು ನನ್ನ ಒಂದು ರಾತ್ರಿಯ ನಿದ್ದೆಗಣ್ಣಿನಲ್ಲಿ ಅಳಿಸಿಹೋಗುತ್ತಿತ್ತು. ಆ ತೀರ್ಮಾನ ಯಾವ ಭಂಡಾರದಲ್ಲೂ ಇರಲಿಲ್ಲ, ಬರೆದವನ ತಲೆಯಲ್ಲೂ ಇರಲಿಲ್ಲ. ಆ 11 ಕೆಬಿಯಲ್ಲಿತ್ತು.

ಗುರುವಾರ ಪ್ರೋಗ್ರಾಮ್ ಕಟ್ಟಿ ಕಳಿಸಿದೆ. ಈ ಸಲ 'ದರಲೆಕ್ಕ'ದ ಕೋಡನ್ನು ನನ್ನ ಕೋಡಿನೊಳಗೇ ಸೇರಿಸಿದೆ, ಸೀಲಿಂಗ್ ಅನ್ನೋ ಪದದ ಮೇಲೆ ಯಾಕೆ ಹಾಗೆ ಅಂತ ಕನ್ನಡದಲ್ಲಿ ಎರಡು ಸಾಲು ಬರೆದೆ. ಸೆಂಟ್ರಲ್‌ನಿಂದ ಬಂದ ಜಾರ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ನಕಲು ಮಾಡಿ, ಅದಕ್ಕೆ 'ಲಿಬ್' ಅಂತಲೇ ಹೆಸರಿಟ್ಟೆ. ಕಿರಿಯ ಸಹೋದ್ಯೋಗಿಯೊಬ್ಬ ನೋಡಿ "ಸರ್, ಹೀಗೆ ಈಗ ಯಾರೂ ಮಾಡಲ್ಲ" ಅಂತ ನಕ್ಕ. ಗೊತ್ತಪ್ಪ, ಅಂದೆ. ಮೂರು ಪೆನ್ ಡ್ರೈವಿಗೆ ಹಾಕಿ ಒಂದನ್ನು ಊರಿಗೆ ಕಳಿಸಿದೆ.

ಶುಕ್ರವಾರ ಸಂಜೆ ಚಿಕ್ಕಪ್ಪನ ಫೋನು. ಬಟವಾಡೆ ಆಯಿತು. ಪೆನ್ ಡ್ರೈವನ್ನು ಸೊಸೈಟಿಯ ಬೀರುವಿನಲ್ಲಿ ಠರಾವು ಪುಸ್ತಕದ ಜೊತೆ ಇಟ್ಟಿದ್ದಾರಂತೆ. ಕೊನೆಗೆ ಕೇಳಿದರು, "ಈ ಸಲ ಎಲ್ಲ ನಿನ್ನ ಹತ್ರಾನೂ ಇದೆ ತಾನೆ?"

"ಇದೆ ಚಿಕ್ಕಪ್ಪ," ಅಂದೆ. ಫೋನಿಟ್ಟ ಮೇಲೆ ಎದ್ದು ಹೋಗಿ, ಫೋಲ್ಡರ್ ತೆಗೆದು, ಇನ್ನೊಂದು ಸಲ ನೋಡಿ ಬಂದೆ.